ಗಟ್ಟಿ ಉಕ್ಕಿನ ಕ್ರ್ಯಾಂಕ್‌ಶಾಫ್ಟ್ ಯಾಕೆ ಬಿರುಕು ಬಿಡುತ್ತದೆ?

ಪಿಸ್ಟನ್‌ಗಳ ಮೇಲೆ ಕೆಳಗಿನ ಓಟವನ್ನು ತಿರುಗುವಿಕೆಯಾಗಿ ಬದಲಿಸುವ ಎಂಜಿನ್‌ನ ಮುಖ್ಯ ಶಾಫ್ಟ್ ಎಂದರೆ ಕ್ರ್ಯಾಂಕ್‌ಶಾಫ್ಟ್. ಮುರಿದದ್ದು ಸಿಕ್ಕರೆ ಮೊದಲು ಅದರ ಮುರಿದ ಮುಖವನ್ನು ನೋಡಬೇಕು. ಅದು ಎಲ್ಲ ಕಡೆ ಒಂದೇ ಥರ ಇರುವುದಿಲ್ಲ. ಒಂದು ಭಾಗ ನಯವಾಗಿ, ಮಂಕಾಗಿ ಇರುತ್ತದೆ. ಅದರ ಮೇಲೆ ಕಮಾನಾಗಿ ಬಾಗಿದ ತೆಳು ಗೆರೆಗಳು, ಒಂದರ ಹಿಂದೆ ಒಂದು. ಆ ಗೆರೆಗಳ ಜಾಡು ಹಿಡಿದು ಹಿಂದಕ್ಕೆ ಹೋದರೆ ಒಂದು ಸಣ್ಣ ಜಾಗಕ್ಕೆ ಬಂದು ಮುಟ್ಟುತ್ತೇವೆ. ಹೆಚ್ಚಿನ ಸಲ ಅದು ಜರ್ನಲ್‌ನ (ಬೇರಿಂಗ್‌ನಲ್ಲಿ ತಿರುಗುವ ದುಂಡು ಭಾಗದ) ಮೂಲೆ, ಇಲ್ಲವೇ ಆಯಿಲ್ ಹೋಲ್‌ನ (ಎಣ್ಣೆ ಹರಿಯುವ ತೂತಿನ) ಅಂಚು. ಮುಖದ ಇನ್ನೊಂದು ಬದಿ ಮಾತ್ರ ಒರಟೊರಟಾಗಿ, ಹರಳು ಹರಳಾಗಿ, ಆಗ ತಾನೇ ಕಿತ್ತು ಬಂದ ಹಾಗಿರುತ್ತದೆ.

ನಯವಾದ ಭಾಗ ಲಕ್ಷಾಂತರ ಸುತ್ತುಗಳಲ್ಲಿ ನಿಧಾನವಾಗಿ ಸೀಳುತ್ತಾ ಬಂದದ್ದು. ಒರಟು ಭಾಗ ಕೊನೆಯ ಕ್ಷಣದಲ್ಲಿ ಹರಿದದ್ದು. ಉಳಿದಿದ್ದ ಲೋಹಕ್ಕೆ ಭಾರ ತಡೆಯುವ ಶಕ್ತಿ ಸಾಲದಾದಾಗ ಅಷ್ಟೂ ಒಮ್ಮೆಗೇ ಕೈಕೊಟ್ಟಿದೆ. ಒರಟು ಭಾಗ ಚಿಕ್ಕದಾಗಿದ್ದರೆ ಒಟ್ಟಾರೆ ಭಾರ ಅಷ್ಟೇನೂ ಜಾಸ್ತಿ ಇರಲಿಲ್ಲ, ಒಂದು ಮೂಲೆಯಲ್ಲಿ ಮಾತ್ರ ತೊಂದರೆ ಇತ್ತು ಎಂದು ಅರ್ಥ. ಒರಟು ಭಾಗವೇ ದೊಡ್ಡದಾಗಿದ್ದರೆ ಭಾರ ನಿಜಕ್ಕೂ ಮಿತಿಮೀರಿತ್ತು. ಇಷ್ಟೆಲ್ಲ ಆ ಮುಖದಲ್ಲೇ ಬರೆದಿರುತ್ತದೆ. ಹಾಗಾಗಿ ಮುರಿದ ತುಂಡುಗಳನ್ನು ಒಂದಕ್ಕೊಂದು ಜೋಡಿಸಿ ಉಜ್ಜಬೇಡಿ, ವೈರ್ ಬ್ರಷ್ ಹಾಕಬೇಡಿ. ಸ್ವಲ್ಪ ಎಣ್ಣೆ ಸವರಿ ಸುತ್ತಿಡಿ. ಕಾರಣ ಹುಡುಕಲು ಇರುವ ಒಳ್ಳೆಯ ಸಾಕ್ಷಿ ಅದೊಂದೇ.

ಎಂಜಿನ್ ಕಟ್ಟುವಾಗ ಎಲ್ಲರೂ ಮೊದಲು ಕೇಳುವುದು ಕ್ರ್ಯಾಂಕ್ ಯಾವ ಉಕ್ಕಿನದು, ಎಷ್ಟು ಹಾರ್ಸ್‌ಪವರ್ ತಡೆಯುತ್ತೆ ಎಂದು. ಡಬ್ಬದ ಮೇಲೆ 4340 ಫೋರ್ಜ್ಡ್ (4340 ಉಕ್ಕನ್ನು ಕಾಯಿಸಿ ಬಡಿದು ಮಾಡಿದ್ದು) ಎಂದು ಇದ್ದರೆ ಅರ್ಧ ಧೈರ್ಯ ಬಂದುಬಿಡುತ್ತದೆ. ಉಕ್ಕು ಮುಖ್ಯವೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಬಿರುಕು ಉಕ್ಕಿನ ಹೆಸರು ನೋಡಿ ಹುಟ್ಟುವುದಿಲ್ಲ. ಅದು ಹುಟ್ಟುವುದು ಕೆಲವು ಮಿಲಿಮೀಟರ್ ಅಗಲದ ಜಾಗಗಳಲ್ಲಿ. ಆ ಜಾಗವನ್ನು ಹೇಗೆ ಕಡೆದಿದ್ದಾರೆ, ಹೇಗೆ ಹದ ಮಾಡಿದ್ದಾರೆ, ಎಂಜಿನ್ ಅದನ್ನು ಹೇಗೆ ಅಲುಗಿಸುತ್ತಿದೆ ಎಂಬುದರ ಮೇಲೆ ಎಲ್ಲವೂ ನಿಂತಿದೆ.

ಕ್ರ್ಯಾಂಕ್ ಮೇಲೆ ಬೀಳುವ ಭಾರ

ಒಂದು ಲೆಕ್ಕ ಮಾಡೋಣ. 86 ಮಿ.ಮೀ. ಬೋರ್ (ಸಿಲಿಂಡರ್‌ನ ವ್ಯಾಸ), 86 ಮಿ.ಮೀ. ಸ್ಟ್ರೋಕ್ (ಪಿಸ್ಟನ್ ಓಡುವ ದೂರ) ಇರುವ ನಾಲ್ಕು ಸಿಲಿಂಡರ್ ಎಂಜಿನ್. ಪಿಸ್ಟನ್, ಅದರ ಪಿನ್, ರಿಂಗ್, ಕನೆಕ್ಟಿಂಗ್ ರಾಡ್‌ನ ಮೇಲ್ಭಾಗ ಸೇರಿ 600 ಗ್ರಾಂ ಅಂದುಕೊಳ್ಳಿ. 6500 ಆರ್‌ಪಿಎಂನಲ್ಲಿ ಪಿಸ್ಟನ್ ಮೇಲೆ ಬಂದು ವಾಪಸ್ ತಿರುಗುವಾಗ ಕ್ರ್ಯಾಂಕ್ ಪಿನ್ ಅನ್ನು (ರಾಡ್ ಹಿಡಿಯುವ ಜರ್ನಲ್ ಅನ್ನು) ಸುಮಾರು 1.6 ಟನ್ ಬಲದಿಂದ ಮೇಲಕ್ಕೆ ಎಳೆಯುತ್ತದೆ. ಅದೇ ಎಂಜಿನ್ 9000 ತಿರುಗಿದರೆ ಈ ಎಳೆತ 3 ಟನ್. ವೇಗ ಒಂದೂವರೆ ಪಟ್ಟೂ ಆಗಿಲ್ಲ, ಬಲ ಹತ್ತಿರ ಹತ್ತಿರ ಎರಡು ಪಟ್ಟಾಯಿತು. ಈ ಬಲ ವೇಗದ ವರ್ಗಕ್ಕೆ ತಕ್ಕಂತೆ ಏರುವುದೇ ಇದಕ್ಕೆ ಕಾರಣ.

ಇನ್ನು ಇಂಧನ ಉರಿದಾಗಿನ ಒತ್ತಡ. ಸಿಲಿಂಡರ್ ಒಳಗೆ 65 ಬಾರ್ ಎದ್ದರೆ ಪಿಸ್ಟನ್ ಮೇಲೆ ಸುಮಾರು 3.8 ಟನ್ ಬೀಳುತ್ತದೆ. ಟರ್ಬೊ ಹಾಕಿ 120 ಬಾರ್‌ಗೆ ಏರಿಸಿದರೆ 7 ಟನ್ ದಾಟುತ್ತದೆ. ಹೀಗೆ ಕ್ರ್ಯಾಂಕ್ ಪಿನ್ ಒಂದು ಸಲ ಕೆಳಕ್ಕೆ ಬಾಗುತ್ತದೆ, ಇನ್ನೊಂದು ಸಲ ಮೇಲಕ್ಕೆ. ಪಿನ್‌ನಿಂದ ಪಿನ್‌ಗೆ ಶಾಫ್ಟ್ ತಿರುಚಿಕೊಳ್ಳುವುದು ಬೇರೆ.

ಈಗ ಸುತ್ತುಗಳನ್ನು ಎಣಿಸಿ. 6000 ಆರ್‌ಪಿಎಂ ಅಂದರೆ ಸೆಕೆಂಡಿಗೆ 100 ಸುತ್ತು. ಮೂರು ಗಂಟೆ ತುಂಬುವ ಮೊದಲೇ ಹತ್ತು ಲಕ್ಷ ಸುತ್ತು ಮುಗಿಯುತ್ತದೆ. 28 ಗಂಟೆಗೆ ಒಂದು ಕೋಟಿ. ಲೋಹ ದಣಿಯುವ ಲೆಕ್ಕದಲ್ಲಿ ಈ ಹತ್ತು ಲಕ್ಷದಿಂದ ಕೋಟಿಯವರೆಗಿನ ಸಂಖ್ಯೆಗೆ ಬಹಳ ಮಹತ್ವವಿದೆ. ಉಕ್ಕಿಗೆ ಒಂದು ಗಡಿ ಇದೆ. ಏರಿಳಿಯುವ ಒತ್ತಡ ಆ ಗಡಿಯ ಕೆಳಗೇ ಇದ್ದರೆ ಕೋಟಿಗಟ್ಟಲೆ ಸುತ್ತು ತಿರುಗಿದರೂ ಅದು ತಡೆಯುತ್ತದೆ. ಗಡಿ ದಾಟಿದರೆ ಆಯಸ್ಸು ಲೆಕ್ಕಕ್ಕೆ ಬೀಳುತ್ತದೆ. ನಯವಾಗಿ ಪಾಲಿಶ್ ಮಾಡಿದ ಉಕ್ಕಿನ ಸಣ್ಣ ಮಾದರಿಯಲ್ಲಿ ಈ ಗಡಿ ಹೆಚ್ಚುಕಡಿಮೆ ಅದರ ಎಳೆತದ ಬಲದ ಅರ್ಧದಷ್ಟು. ನಿಜವಾದ ಕ್ರ್ಯಾಂಕ್‌ನಲ್ಲಿ ಅಷ್ಟು ಸಿಗುವುದೇ ಇಲ್ಲ. ಅಲ್ಲಿ ಮೂಲೆಗಳಿವೆ, ತೂತುಗಳಿವೆ, ಗ್ರೈಂಡಿಂಗ್ ಗೆರೆಗಳಿವೆ.

ಮೂಲೆಯ ಕಥೆ ಹಳೆಯದು

1842ರ ಮೇ 8ರಂದು ಫ್ರಾನ್ಸ್‌ನ ವರ್ಸೇಲ್ಸ್‌ನಿಂದ ಪ್ಯಾರಿಸ್‌ಗೆ ಹೊರಟಿದ್ದ ರೈಲಿನ ಎಂಜಿನ್‌ನ ಆಕ್ಸಲ್ ಮುರಿದು 50ಕ್ಕೂ ಹೆಚ್ಚು ಜನ ಸತ್ತರು. ಸತತವಾಗಿ ಅದುರಿ ಅದುರಿ ಕಬ್ಬಿಣದ ಒಳಗೆಲ್ಲ ಹರಳು ಕಟ್ಟಿ ಅದು ಪೆಡಸಾಗುತ್ತದೆ ಎಂದು ಆಗ ಬಹಳ ಜನ ನಂಬಿದ್ದರು. ಮರುವರ್ಷ ಸ್ಕಾಟ್ಲೆಂಡ್‌ನ ವಿಲಿಯಂ ರ‍್ಯಾಂಕಿನ್ ಮುರಿದ ಆಕ್ಸಲ್‌ಗಳನ್ನು ಪರೀಕ್ಷಿಸಿ ಬೇರೆಯದೇ ಮಾತು ಹೇಳಿದರು. ಆಕ್ಸಲ್‌ನ ದಪ್ಪ ಬದಲಾಗುವ ಚೂಪು ಮೂಲೆಯಲ್ಲಿ ಬಿರುಕು ಹುಟ್ಟಿ ಒಳಕ್ಕೆ ಬೆಳೆಯುತ್ತದೆ, ಆ ಮೂಲೆಗೆ ಒಳ್ಳೆಯ ತಿರುವು ಕೊಡಿ ಎಂದರು. ಮುಂದೆ ಜರ್ಮನಿಯ ಆಗಸ್ಟ್ ವೋಲರ್ ವರ್ಷಗಟ್ಟಲೆ ಆಕ್ಸಲ್‌ಗಳ ಮೇಲೆ ಪ್ರಯೋಗ ಮಾಡಿ, ಒಂದೇ ಸಲಕ್ಕೆ ಮುರಿಯಲು ಬೇಕಾದ ಬಲಕ್ಕಿಂತ ತುಂಬಾ ಕಡಿಮೆ ಬಲವೂ ಪದೇ ಪದೇ ಬಿದ್ದರೆ ಉಕ್ಕನ್ನು ಮುರಿಯುತ್ತದೆ ಎಂದು ತೋರಿಸಿದರು.

ಕ್ರ್ಯಾಂಕ್‌ಶಾಫ್ಟ್‌ನಲ್ಲಿ ಅಂಥ ಮೂಲೆಗಳು ಸಾಲುಸಾಲಾಗಿವೆ. ಬ್ಲಾಕ್‌ನಲ್ಲಿ ಕೂರುವ ಮೇನ್ ಜರ್ನಲ್, ಕನೆಕ್ಟಿಂಗ್ ರಾಡ್ ಹಿಡಿಯುವ ಪಿನ್, ಇವೆರಡನ್ನೂ ಜೋಡಿಸುವ ವೆಬ್. ಜರ್ನಲ್ ಬಂದು ವೆಬ್‌ಗೆ ಸೇರುವ ಜಾಗದ ಒಳತಿರುವಿಗೆ ಫಿಲೆಟ್ ಎನ್ನುತ್ತಾರೆ. ಇಡೀ ಕ್ರ್ಯಾಂಕ್‌ನಲ್ಲಿ ಒಂದೇ ಒಂದು ಜಾಗ ನೋಡಲು ಬಿಟ್ಟರೆ ನಾನು ನೋಡುವುದು ಇದನ್ನೇ. ಇಲ್ಲಿ ಒತ್ತಡ ಸರಾಸರಿಗಿಂತ ಮೂರ್ನಾಲ್ಕು ಪಟ್ಟು ಏರುವುದು ಸಾಮಾನ್ಯ. ತಿರುವು ಚಿಕ್ಕದಾದಷ್ಟೂ ಏರಿಕೆ ಜಾಸ್ತಿ. ತಿರುವು ಮುಗಿದು ಜರ್ನಲ್ ಶುರುವಾಗುವಲ್ಲಿ ಗ್ರೈಂಡಿಂಗ್ ಕಲ್ಲು ಒಂದು ಸಣ್ಣ ಮೆಟ್ಟಿಲು ಬಿಟ್ಟಿದ್ದರೂ ಸಾಕು, ಬಿರುಕಿಗೆ ನೆಲೆ ಸಿಕ್ಕಿತು. ಉಗುರಿನ ತುದಿಯನ್ನು ಫಿಲೆಟ್‌ನಿಂದ ಜರ್ನಲ್ ಕಡೆಗೆ ನಿಧಾನವಾಗಿ ಎಳೆದು ನೋಡಿ. ಉಗುರು ಎಲ್ಲೂ ತಡೆಯಬಾರದು. ತಡೆದರೆ ಆ ಕ್ರ್ಯಾಂಕ್ ಬಗ್ಗೆ ಕೇಳಲೇಬೇಕಾದ ಪ್ರಶ್ನೆಗಳಿವೆ.

ಇಂಧನ ಉರಿದು ಪಿನ್ ಕೆಳಕ್ಕೆ ಬಾಗಿದಾಗ ಅದರ ಒಳಬದಿಯ ಫಿಲೆಟ್, ಅಂದರೆ ಶಾಫ್ಟ್‌ನ ನಡುಗೆರೆಯ ಕಡೆ ಇರುವ ಫಿಲೆಟ್, ಎಳೆತಕ್ಕೆ ಸಿಗುತ್ತದೆ. ಬಾಗುವಿಕೆಯಿಂದ ಹುಟ್ಟುವ ಬಿರುಕು ಅಲ್ಲಿಂದ ಹೊರಟು ವೆಬ್ ಅನ್ನು ಅಡ್ಡಕ್ಕೆ ಸೀಳುತ್ತಾ ಮೇನ್ ಜರ್ನಲ್ ಕಡೆಗೆ ಹೋಗುತ್ತದೆ. ತಿರುಚಿಕೊಳ್ಳುವುದರಿಂದ ಹುಟ್ಟುವ ಬಿರುಕಿನ ದಾರಿ ಬೇರೆ. ಅದು ಸಾಮಾನ್ಯವಾಗಿ ಆಯಿಲ್ ಹೋಲ್‌ನ ಅಂಚಿನಿಂದ ಶುರುವಾಗಿ ಜರ್ನಲ್ ಮೇಲೆ 45 ಡಿಗ್ರಿ ಓರೆಯಾಗಿ ಹರಿಯುತ್ತದೆ. ಬಿರುಕಿನ ದಿಕ್ಕು ನೋಡಿದರೇ ಅಪರಾಧಿ ಯಾರೆಂದು ಅರ್ಧ ಗೊತ್ತಾಗುತ್ತದೆ. ಓರೆ ಬಿರುಕು ಕಂಡರೆ ಉಕ್ಕನ್ನು ಬೈಯುವ ಮೊದಲು ತಿರುಚುವ ಕಂಪನ ತಗ್ಗಿಸುವ ಡ್ಯಾಂಪರ್ ಕಡೆ ತಿರುಗಬೇಕು.

ಸ್ಟ್ರೋಕ್ ಹೆಚ್ಚಿಸಿದಾಗ

ಆಫ್ಟರ್‌ಮಾರ್ಕೆಟ್ ಕ್ರ್ಯಾಂಕ್ (ಎಂಜಿನ್ ಕಂಪನಿಯದಲ್ಲದ, ಹೊರಗೆ ಸಿಗುವ ಕ್ರ್ಯಾಂಕ್) ಹಾಕುವವರಲ್ಲಿ ಅನೇಕರಿಗೆ ಬೇಕಿರುವುದು ದೊಡ್ಡ ಸ್ಟ್ರೋಕ್. ಬ್ಲಾಕ್ ಅದೇ, ಸಿಸಿ ಜಾಸ್ತಿ. ಆದರೆ ಇದಕ್ಕೆ ತೆರುವ ಬೆಲೆ ಎಲ್ಲಿದೆ ಎಂದು ಬಹಳ ಜನ ನೋಡುವುದಿಲ್ಲ.

ಕ್ರ್ಯಾಂಕ್ ಅನ್ನು ತುದಿಯಿಂದ ನೋಡಿದರೆ ಮೇನ್ ಜರ್ನಲ್‌ನ ವೃತ್ತ, ಪಿನ್‌ನ ವೃತ್ತ ಒಂದರ ಮೇಲೊಂದು ಸ್ವಲ್ಪ ಹಾಯ್ದಿರುತ್ತವೆ. ಇದನ್ನು ಓವರ್‌ಲ್ಯಾಪ್ ಎನ್ನುತ್ತಾರೆ. ವೆಬ್ ಬಾಗದಂತೆ ಹಿಡಿಯುವಲ್ಲಿ ಇದರ ಪಾಲು ದೊಡ್ಡದು. ಮೇನ್ 60 ಮಿ.ಮೀ., ಪಿನ್ 48, ಸ್ಟ್ರೋಕ್ 86 ಇದ್ದರೆ ಓವರ್‌ಲ್ಯಾಪ್ 11 ಮಿ.ಮೀ. ಸ್ಟ್ರೋಕ್ ಅನ್ನು 95ಕ್ಕೆ ಏರಿಸಿ, ಅದು 6.5ಕ್ಕೆ ಇಳಿಯುತ್ತದೆ. ರಾಡ್ ಬ್ಲಾಕ್‌ಗೆ ತಾಗಬಾರದೆಂದು ಪಿನ್ ಅನ್ನು 45ಕ್ಕೆ ಇಳಿಸಿದರೆ ಉಳಿಯುವುದು ಬರೀ 5. ಅರ್ಧಕ್ಕಿಂತ ಕಡಿಮೆ.

ಪಿನ್‌ನ ಆ 3 ಮಿಲಿಮೀಟರ್ ನೋಡಲು ಏನೂ ಅಲ್ಲ. ಆದರೆ ತಿರುಚುವ ಒತ್ತಡ ತಡೆಯುವ ಶಕ್ತಿ ವ್ಯಾಸದ ಮೂರನೇ ಘಾತಕ್ಕೆ, ತಿರುಚಿಕೊಳ್ಳದ ಬಿಗಿತ ನಾಲ್ಕನೇ ಘಾತಕ್ಕೆ ತಕ್ಕಂತೆ ಬದಲಾಗುತ್ತದೆ. 48ರಿಂದ 45ಕ್ಕೆ ಬಂದಾಗ ಪಿನ್‌ನ ಶಕ್ತಿ ಸುಮಾರು ಶೇ 18, ಬಿಗಿತ ಸುಮಾರು ಶೇ 23 ಕಡಿಮೆಯಾಗುತ್ತದೆ. ಕಂಪನಿಯ ಎರಕದ ಕ್ರ್ಯಾಂಕ್ ತೆಗೆದು ಫೋರ್ಜ್ ಮಾಡಿದ್ದನ್ನು ಹಾಕಿದಾಗ ಉಕ್ಕಿನಲ್ಲಿ ಗಳಿಸಿದ್ದರಲ್ಲಿ ಒಂದು ಪಾಲು ಇಲ್ಲೇ ಖರ್ಚಾಯಿತು. ಅದರ ಮೇಲೆ ಇನ್ನೂರು ಹಾರ್ಸ್‌ಪವರ್ ಹೆಚ್ಚುವರಿ ಕೇಳುತ್ತೇವೆ ಅಲ್ವಾ?

4340 ಎಂದರೆ ಎಷ್ಟು ಅರ್ಥ

4340 ಎಂಬುದು ಉಕ್ಕಿನ ಪಾಕ. ಸುಮಾರು ಶೇ 0.4 ಇಂಗಾಲ, ಶೇ 1.65ರಿಂದ 2 ನಿಕ್ಕಲ್, ಜೊತೆಗೆ ಕ್ರೋಮಿಯಂ, ಮಾಲಿಬ್ಡಿನಂ. ಒಳ್ಳೆಯ ಪಾಕವೇ. ಆದರೆ ಆ ಸಂಖ್ಯೆ ಉಕ್ಕು ಎಷ್ಟು ಶುದ್ಧವಾಗಿದೆ ಎಂದು ಹೇಳುವುದಿಲ್ಲ. ಕರಗಿಸುವಾಗ ಉಳಿದುಹೋದ ಆಕ್ಸೈಡ್, ಸಲ್ಫೈಡ್ ಕಣಗಳು ಒಳಗಿರುತ್ತವೆ. ಅಂಥ ಒಂದು ಕಣ ಫಿಲೆಟ್‌ನ ಮೇಲ್ಮೈಗೆ ಹತ್ತಿರ ಸಿಕ್ಕಿಕೊಂಡರೆ ಅದೇ ಬಿರುಕಿನ ಬೀಜ. ಉಕ್ಕು ಗಟ್ಟಿಯಾದಷ್ಟೂ ಇಂಥ ಕಣಗಳನ್ನು ಸಹಿಸುವ ಗುಣ ಕಡಿಮೆ. ಉನ್ನತ ಮಟ್ಟದ ರೇಸಿಂಗ್ ಕ್ರ್ಯಾಂಕ್‌ಗಳಿಗೆ ನಿರ್ವಾತದಲ್ಲಿ ಮತ್ತೆ ಕರಗಿಸಿದ ಉಕ್ಕು ಬಳಸುವುದು ಇದಕ್ಕೇ. ಎರಡೂ 4340 ಆಗಿರಬಹುದು, ಒಳಗಿನ ಶುದ್ಧತೆ ಬೇರೆ ಬೇರೆ.

ಫೋರ್ಜಿಂಗೋ ಬಿಲೆಟ್ಟೋ ಎಂಬ ಜಗಳದಲ್ಲಿ ನಾನು ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಫೋರ್ಜಿಂಗ್‌ನಲ್ಲಿ ಲೋಹದ ಎಳೆಗಳು ಕ್ರ್ಯಾಂಕ್‌ನ ಆಕಾರ ಹಿಡಿದೇ ಹರಿಯುತ್ತವೆ, ಬಿಲೆಟ್‌ನಲ್ಲಿ, ಅಂದರೆ ಇಡೀ ಉಕ್ಕಿನ ದಿಮ್ಮಿಯಿಂದ ಕಡೆಯುವಾಗ, ಎಳೆಗಳನ್ನು ಕತ್ತರಿಸಿ ಆಕಾರ ಕೊಡುತ್ತಾರೆ. ಉಕ್ಕು ಶುದ್ಧವಾಗಿದ್ದು ಕೆಲಸ ಅಚ್ಚುಕಟ್ಟಾಗಿದ್ದರೆ ಎರಡೂ ಬಾಳುತ್ತವೆ.

ಹೆಚ್ಚು ಗಮನ ಬೇಕಾದದ್ದು ಮೇಲ್ಮೈಗೆ. ಬಿರುಕು ತೆರೆಯಲು ಎಳೆತ ಬೇಕು. ಮೇಲ್ಮೈಯನ್ನು ಮೊದಲೇ ಅದುಮಿದ ಸ್ಥಿತಿಯಲ್ಲಿ ಇಟ್ಟುಬಿಟ್ಟರೆ ಎಂಜಿನ್ ಕೊಡುವ ಎಳೆತ ಮೊದಲು ಆ ಅದುಮನ್ನು ದಾಟಬೇಕು. ನೈಟ್ರೈಡಿಂಗ್ ಮಾಡುವುದು ಇದನ್ನೇ. ಸುಮಾರು 500 ಡಿಗ್ರಿ ಬಿಸಿಯಲ್ಲಿ ಸಾರಜನಕ ಉಕ್ಕಿನ ಮೇಲ್ಪದರಕ್ಕೆ ಇಳಿಯುತ್ತದೆ. ಆ ಪದರ ಹಿಗ್ಗಲು ನೋಡುತ್ತದೆ, ಕೆಳಗಿನ ಲೋಹ ಬಿಡುವುದಿಲ್ಲ. ಹಾಗಾಗಿ ಪದರ ಅದುಮಿಕೊಂಡೇ ಉಳಿಯುತ್ತದೆ. ಫಿಲೆಟ್ ಮೇಲೆ ಗಟ್ಟಿ ರೋಲರ್ ಒತ್ತಿ ಉರುಳಿಸುವುದರಿಂದಲೂ ಇದೇ ಲಾಭ. ಎಷ್ಟೋ ಕಂಪನಿ ಕ್ರ್ಯಾಂಕ್‌ಗಳು ಸಾಧಾರಣ ಲೋಹದಲ್ಲೇ ಇದ್ದು ಲಕ್ಷಾಂತರ ಕಿಲೋಮೀಟರ್ ಬಾಳುವುದರ ಹಿಂದೆ ಈ ರೋಲಿಂಗ್‌ನ ಕೈ ಇದೆ.

ಈ ಪದರ ತೆಳ್ಳಗಿರುತ್ತದೆ. ಒಂದು ಮಿಲಿಮೀಟರ್‌ನ ಕೆಲವೇ ದಶಾಂಶಗಳಷ್ಟು. ಬೇರಿಂಗ್ ಹೋದ ಕ್ರ್ಯಾಂಕ್ ಅನ್ನು 0.25 ಮಿ.ಮೀ. ಅಂಡರ್‌ಸೈಜ್‌ಗೆ, ಅಂದರೆ ವ್ಯಾಸ ಅಷ್ಟು ಕಡಿಮೆಯಾಗುವಂತೆ, ಗ್ರೈಂಡ್ ಮಾಡಿದರೆ ಪ್ರತಿ ಬದಿಯಲ್ಲಿ 0.125 ಹೋಗುತ್ತದೆ. ಪದರದ ದೊಡ್ಡ ಪಾಲು ಅಲ್ಲೇ ಮುಗಿಯಬಹುದು. ಮತ್ತೆ ನೈಟ್ರೈಡ್ ಮಾಡದೆ ಹಾಗೇ ಕೂರಿಸಿದರೆ ಅದು ಹೆಸರಿಗೆ ಮಾತ್ರ ಅದೇ ಕ್ರ್ಯಾಂಕ್. ಇನ್ನೊಂದು ತಪ್ಪು ಇದಕ್ಕಿಂತ ಕೆಟ್ಟದ್ದು. ಹದ ಮಾಡುವಾಗ ಕ್ರ್ಯಾಂಕ್ ಸ್ವಲ್ಪ ಸೊಟ್ಟಗಾಗುತ್ತದೆ. ಅದನ್ನು ಪ್ರೆಸ್‌ನಲ್ಲಿಟ್ಟು ಬಾಗಿಸಿ ನೇರ ಮಾಡಿದರೆ ಆ ಗಟ್ಟಿ ಪದರ ಫಿಲೆಟ್‌ನಲ್ಲೇ ಕೂದಲೆಳೆಯಷ್ಟು ಸೀಳಬಹುದು. ಗ್ರಾಹಕನ ಕೈಗೆ ಬರುವಾಗಲೇ ಬಿರುಕು ಒಳಗಿದೆ.

ಗ್ರೈಂಡಿಂಗ್ ಸುಟ್ಟಗಾಯವನ್ನೂ ಇಲ್ಲೇ ಹೇಳಬೇಕು. ಕಲ್ಲು ಮೊಂಡಾಗಿದ್ದರೆ, ಕೂಲೆಂಟ್ ಸರಿಯಾಗಿ ಬೀಳದಿದ್ದರೆ, ಅವಸರದಲ್ಲಿ ಜಾಸ್ತಿ ಕತ್ತರಿಸಿದರೆ ಮೇಲ್ಮೈ ಕ್ಷಣಕಾಲ 700 ಡಿಗ್ರಿಗೂ ಮೀರಿ ಕಾಯಬಹುದು. ಸುತ್ತಲಿನ ತಣ್ಣನೆ ಲೋಹ ಅದನ್ನು ತಕ್ಷಣ ಆರಿಸುತ್ತದೆ. ಅಲ್ಲಿ ಪೆಡಸು ಪದರ ಹುಟ್ಟಿ, ಎಳೆತದ ಒತ್ತಡ ಕೂತುಬಿಡುತ್ತದೆ. ಪಾಲಿಶ್ ಆದ ಮೇಲೆ ಜರ್ನಲ್ ಕನ್ನಡಿಯಂತೆ ಹೊಳೆಯುತ್ತದೆ, ಕಣ್ಣಿಗೆ ಏನೂ ಕಾಣಿಸುವುದಿಲ್ಲ. ಆಲ್ಕೋಹಾಲ್‌ನಲ್ಲಿ ಬೆರೆಸಿದ ತೆಳು ನೈಟ್ರಿಕ್ ಆಮ್ಲ ಸವರಿದರೆ ಮಾತ್ರ ಸುಟ್ಟ ಜಾಗ ಬೇರೆ ಬಣ್ಣದಲ್ಲಿ ಎದ್ದು ಕಾಣುತ್ತದೆ. ಕಡಿಮೆ ಬೆಲೆಯ ಕ್ರ್ಯಾಂಕ್‌ಗೂ ದುಬಾರಿ ಕ್ರ್ಯಾಂಕ್‌ಗೂ ಇರುವ ನಿಜವಾದ ಅಂತರ ಬಹಳ ಸಲ ಇಂಥ ಕಾಣದ ಕೆಲಸಗಳಲ್ಲೇ ಇರುತ್ತದೆ.

ತಿರುಚಿ ಅದುರುವ ಶಾಫ್ಟ್

ಮೇಲಿನದೆಲ್ಲ ಸರಿ ಇದ್ದರೂ ಕ್ರ್ಯಾಂಕ್ ಮುರಿಯಬಹುದು. ಯಾಕೆಂದರೆ ಉಕ್ಕಿನ ಶಾಫ್ಟ್ ಕೂಡ ಒಂದು ಸ್ಪ್ರಿಂಗ್. ಪ್ರತಿ ಸಿಲಿಂಡರ್ ಉರಿದಾಗ ಆ ಪಿನ್ ಸ್ವಲ್ಪ ಮುಂದೆ ತಿರುಚಿ ವಾಪಸ್ ಬರುತ್ತದೆ. ಜೋಕಾಲಿಯನ್ನು ಅದರ ಲಯಕ್ಕೆ ಸರಿಯಾಗಿ ತಳ್ಳುತ್ತಾ ಹೋದರೆ ಸಣ್ಣ ತಳ್ಳುವಿಕೆಯಲ್ಲೇ ಅದು ಎತ್ತರಕ್ಕೆ ಹೋಗುತ್ತದಲ್ಲ, ಶಾಫ್ಟ್‌ನ ಸ್ವಂತ ಕಂಪನಕ್ಕೂ ಉರಿಯುವಿಕೆಯ ಲಯಕ್ಕೂ ತಾಳೆ ಬಿದ್ದರೆ ಇಲ್ಲೂ ಹಾಗೇ ಆಗುತ್ತದೆ.

ಸಾಲಾಗಿ ಆರು ಸಿಲಿಂಡರ್ ಇರುವ ಎಂಜಿನ್ ತೆಗೆದುಕೊಳ್ಳೋಣ. ಪ್ರತಿ ಸುತ್ತಿಗೆ ಮೂರು ಸಲ ಉರಿಯುತ್ತದೆ. ಅದರ ಶಾಫ್ಟ್‌ನ ಸ್ವಂತ ಕಂಪನ ಸೆಕೆಂಡಿಗೆ 350 ಅಂದುಕೊಳ್ಳಿ. ಆಗ ಮುಖ್ಯ ತಾಳೆ ಬೀಳುವುದು 7000 ಆರ್‌ಪಿಎಂನಲ್ಲಿ. ಕಂಪನಿ ರೆಡ್‌ಲೈನ್ (ಎಂಜಿನ್ ತಿರುಗಬಹುದಾದ ವೇಗದ ಮಿತಿ) 6500ಕ್ಕೆ ಇಟ್ಟಿದ್ದರೆ ಎಂಜಿನ್ ಅಲ್ಲಿಗೆ ಮುಟ್ಟುವುದೇ ಇಲ್ಲ. ನಾವು 8000 ತಿರುಗಿಸಲು ಹೊರಟರೆ ಪ್ರತಿ ಗೇರ್‌ನಲ್ಲೂ ಆ 7000 ದಾಟಿ ಹೋಗಬೇಕು, ಟ್ರ್ಯಾಕ್‌ನಲ್ಲಿ ಕೆಲವೊಮ್ಮೆ ಅಲ್ಲೇ ನಿಲ್ಲಬೇಕು. ಹೊಸ ಕ್ರ್ಯಾಂಕ್‌ನ ಪಿನ್ ತೆಳ್ಳಗಿದ್ದು ಕೌಂಟರ್‌ವೇಟ್ (ಸಮತೋಲಕ್ಕೆ ಇಟ್ಟ ಎದುರು ತೂಕ) ಭಾರವಿದ್ದರೆ ಕಂಪನ 325ಕ್ಕೆ ಇಳಿಯಬಹುದು. ಆಗ ತಾಳೆ 6500ಕ್ಕೇ ಬಂದು ಕೂರುತ್ತದೆ. ಇದರ ಜೊತೆಗೆ ಕಡಿಮೆ ವೇಗಗಳಲ್ಲಿ ಬೀಳುವ ಸಣ್ಣ ತಾಳೆಗಳೂ ಇವೆ.

20ನೇ ಶತಮಾನದ ಮೊದಲ ವರ್ಷಗಳಲ್ಲೇ ಉದ್ದನೆ ಆರು ಸಿಲಿಂಡರ್ ಕ್ರ್ಯಾಂಕ್‌ಗಳು ಹೀಗೆ ತಿರುಚಿ ಮುರಿಯುತ್ತಿದ್ದವು. ಬ್ರಿಟನ್ನಿನ ಫ್ರೆಡೆರಿಕ್ ಲ್ಯಾಂಚೆಸ್ಟರ್ ಅದಕ್ಕಾಗಿ ಡ್ಯಾಂಪರ್ ರೂಪಿಸಿದರು. ಕ್ರ್ಯಾಂಕ್‌ನ ಮುಂಭಾಗದಲ್ಲಿ ಇಂದು ನಾವು ನೋಡುವ ಭಾರದ ಉಂಗುರ ಆ ಕೆಲಸವನ್ನೇ ಮಾಡುತ್ತದೆ. ಒಳಗಿನ ರಬ್ಬರ್ ಅಥವಾ ದಪ್ಪ ಸಿಲಿಕೋನ್ ದ್ರವ ಆ ಕಂಪನವನ್ನು ಬಿಸಿಯಾಗಿ ಬದಲಿಸಿ ಕಳೆಯುತ್ತದೆ. ರಬ್ಬರ್ ಡ್ಯಾಂಪರ್ ಅನ್ನು ಒಂದು ನಿರ್ದಿಷ್ಟ ಕ್ರ್ಯಾಂಕ್‌ಗೆ, ಒಂದು ನಿರ್ದಿಷ್ಟ ಕಂಪನಕ್ಕೆ ಹೊಂದಿಸಿರುತ್ತಾರೆ. ಕ್ರ್ಯಾಂಕ್ ಬದಲಿಸಿ, ಫ್ಲೈವೀಲ್ ಹಗುರ ಮಾಡಿ, ಹಳೇ ಡ್ಯಾಂಪರ್ ಹಾಗೇ ಬಿಟ್ಟರೆ ಅದು ಇಲ್ಲದ ಕಂಪನವನ್ನು ಕಾಯುತ್ತಾ ಕೂತಿರುತ್ತದೆ. ಅದನ್ನು ತೆಗೆದು ಹಗುರವಾದ ಅಲ್ಯೂಮಿನಿಯಂ ಪುಲ್ಲಿ ಹಾಕುವುದಂತೂ ಸುಮ್ನೆ ಅಪಾಯ ತಂದುಕೊಂಡಂತೆ. ಎಂಜಿನ್ ಚುರುಕಾಗಿ ವೇಗ ಹಿಡಿಯುವುದು ನಿಜ. ಆದರೆ ಕಂಪನ ಎಲ್ಲಿಗೂ ಹೋಗಿರುವುದಿಲ್ಲ. ಮುಂಭಾಗ ಜೋರಾಗಿ ಅಲುಗುತ್ತದೆ, ತಿರುಚುವ ಒತ್ತಡ ಮಾತ್ರ ಹಿಂದೆ, ಫ್ಲೈವೀಲ್ ಹತ್ತಿರದ ಜರ್ನಲ್‌ಗಳಲ್ಲಿ ಗರಿಷ್ಠ. ಬ್ಯಾಲೆನ್ಸಿಂಗ್ ಮಾಡಿಸಿದ್ದೇನೆ, ಸಾಕು ಎನ್ನುವವರಿದ್ದಾರೆ. ಬ್ಯಾಲೆನ್ಸಿಂಗ್ ಸರಿಪಡಿಸುವುದು ಭಾರದ ಹಂಚಿಕೆಯನ್ನು. ತಿರುಚುವ ಕಂಪನಕ್ಕೂ ಅದಕ್ಕೂ ಸಂಬಂಧವಿಲ್ಲ.

ಸುತ್ತಲಿನವರ ಪಾಲು

ಕೆಲವು ಸಲ ಕ್ರ್ಯಾಂಕ್‌ನದು ಏನೂ ತಪ್ಪಿರುವುದಿಲ್ಲ. ಟರ್ಬೊ ತುಂಬುವ ಗಾಳಿಯ ಒತ್ತಡ (ಬೂಸ್ಟ್) ಹೆಚ್ಚಾದರೆ ಬ್ಲಾಕ್ ಬಾಗುತ್ತದೆ, ಮೇನ್ ಜರ್ನಲ್ ಹಿಡಿದಿಡುವ ಮೇನ್ ಕ್ಯಾಪ್ ಜರುಗುತ್ತದೆ. ಮೇನ್ ಬೇರಿಂಗ್‌ಗಳು ಒಂದೇ ನೇರದಲ್ಲಿ ಇಲ್ಲದಿದ್ದರೆ ಕ್ರ್ಯಾಂಕ್ ಪ್ರತಿ ಸುತ್ತಿನಲ್ಲೂ ಬಾಗಿ ಏಳಬೇಕು. ಸೂಪರ್‌ಚಾರ್ಜರ್ ಬೆಲ್ಟ್ ಅತಿಯಾಗಿ ಬಿಗಿದರೆ ಮುಂತುದಿ ಬಾಗುತ್ತದೆ, ಅಲ್ಲಿನ ಕೀವೇ (ಪುಲ್ಲಿ ಜಾರದಂತೆ ಕೀಲಿ ಕೂರಿಸುವ ಗಾಡಿ) ಮೂಲೆಯಿಂದ ಬಿರುಕು ಏಳುತ್ತದೆ. ದೊಡ್ಡ ಫಿಲೆಟ್ ಇರುವ ಕ್ರ್ಯಾಂಕ್‌ಗೆ ಅಂಚು ಕತ್ತರಿಸದ ಮಾಮೂಲಿ ಬೇರಿಂಗ್ ಹಾಕಿದರೆ ಬೇರಿಂಗ್‌ನ ಅಂಚು ಫಿಲೆಟ್ ಮೇಲೇ ಸವೆಯುತ್ತಾ ಕೂರುತ್ತದೆ. ಒಳ್ಳೆಯ ಫಿಲೆಟ್‌ಗೆ ಕೊಟ್ಟ ಹಣ ಅಲ್ಲಿಗೆ ನೀರುಪಾಲು.

ನಾಕಿಂಗ್ ಇನ್ನೊಂದು. ಇಂಧನ ಹೊತ್ತಲ್ಲದ ಹೊತ್ತಲ್ಲಿ ಸಿಡಿದಾಗ ಸಿಲಿಂಡರ್ ಒತ್ತಡ ಚೂಪಾಗಿ ಏರಿ ಬೇರಿಂಗ್ ಪದರವನ್ನು ಬಡಿಯುತ್ತದೆ. ಬೇರಿಂಗ್ ಕಾದು ಜರ್ನಲ್‌ಗೆ ಹಿಡಿದುಕೊಂಡರೆ ಆ ಬಿಸಿಯೇ ಜರ್ನಲ್ ಮೇಲೆ ಸಣ್ಣ ಬಿರುಕುಗಳ ಗುಂಪನ್ನು ಮೂಡಿಸುತ್ತದೆ. ಬೇರಿಂಗ್ ಹೋದ ಎಂಜಿನ್‌ನ ಕ್ರ್ಯಾಂಕ್ ಅನ್ನು ಪಾಲಿಶ್ ಮಾಡಿ ಸೀದಾ ವಾಪಸ್ ಹಾಕಬಾರದು ಎನ್ನುವುದು ಇದಕ್ಕೇ.

ಬಿರುಕನ್ನು ಮೊದಲೇ ಹಿಡಿಯಲು ಕಾಂತದ ಪುಡಿಯ ಪರೀಕ್ಷೆ ಇದೆ. ಕ್ರ್ಯಾಂಕ್ ಅನ್ನು ಗ್ರೀಸ್ ಉಳಿಯದಂತೆ ತೊಳೆದು, ಅದಕ್ಕೆ ಕಾಂತಶಕ್ತಿ ಕೊಟ್ಟು, ಹೊಳೆಯುವ ಕಬ್ಬಿಣದ ಕಣಗಳಿರುವ ದ್ರವವನ್ನು ಮೇಲೆ ಸುರಿಯುತ್ತಾರೆ. ಬಿರುಕು ಇದ್ದಲ್ಲಿ ಕಾಂತಕ್ಷೇತ್ರ ಹೊರಗೆ ಚಾಚಿಕೊಂಡು ಕಣಗಳನ್ನು ಎಳೆದು ಹಿಡಿಯುತ್ತದೆ. ಕತ್ತಲೆಯಲ್ಲಿ ನೇರಳಾತೀತ ದೀಪ ಹಿಡಿದರೆ ಫಿಲೆಟ್‌ನ ಉದ್ದಕ್ಕೋ ಆಯಿಲ್ ಹೋಲ್‌ನ ಅಂಚಿಗೋ ಹಸಿರು ಹಳದಿ ಗೆರೆಯೊಂದು ಚೂಪಾಗಿ ಹೊಳೆಯುತ್ತದೆ. ಕಾಂತಶಕ್ತಿಯನ್ನು ಉದ್ದಕ್ಕೂ ಸುತ್ತಲೂ ಎರಡು ದಿಕ್ಕಿನಲ್ಲಿ ಕೊಡಬೇಕು. ಒಂದೇ ದಿಕ್ಕಿನಲ್ಲಿ ಕೊಟ್ಟರೆ ಅದಕ್ಕೆ ಸಮಾನಾಂತರವಾಗಿರುವ ಬಿರುಕು ತಪ್ಪಿಸಿಕೊಳ್ಳುತ್ತದೆ. ಕ್ರ್ಯಾಂಕ್ ಅನ್ನು ತೂಗುಹಾಕಿ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ನಾದ ಕೇಳುವ ಹಳೇ ಪದ್ಧತಿಯೂ ಇದೆ. ದೊಡ್ಡ ಬಿರುಕಿದ್ದರೆ ಸದ್ದು ಬೊದ್ದು ಬರುತ್ತದೆ. ಸಣ್ಣದಕ್ಕೆ ಅದನ್ನು ನಂಬಬೇಡಿ.

ಈ ಪರೀಕ್ಷೆಯನ್ನು ಹೊಸ ಕ್ರ್ಯಾಂಕ್‌ಗೂ ಮಾಡಿಸುವುದು ಒಳ್ಳೆಯದು, ಎಂಜಿನ್ ಬಿಚ್ಚಿದಾಗಲೆಲ್ಲ ಮತ್ತೆ ಮಾಡಿಸುವುದು ಇನ್ನೂ ಒಳ್ಳೆಯದು. ಫಿಲೆಟ್‌ನಲ್ಲಿ ಗೆರೆ ಕಂಡರೆ ಆ ಕ್ರ್ಯಾಂಕ್ ಗುಜರಿಗೆ ಹೋಗಬೇಕು. ವೆಲ್ಡ್ ಮಾಡಿ ಉಳಿಸುವ ಪ್ರಯತ್ನ ಬೇಡ. ಆ ಬಿಸಿ ಇನ್ನೊಂದು ಪೆಡಸು ಪದರವನ್ನು ಅದೇ ಮೂಲೆಯಲ್ಲಿ ತಂದಿಡುತ್ತದೆ. ಪರೀಕ್ಷೆಯಲ್ಲಿ ಪಾಸಾದ ಕ್ರ್ಯಾಂಕ್‌ನ ಕಾಂತಶಕ್ತಿಯನ್ನು ಪೂರ್ತಿ ತೆಗೆಸಿ, ಆಯಿಲ್ ದಾರಿಗಳನ್ನೆಲ್ಲ ಬ್ರಷ್ ಹಾಕಿ ತೊಳೆದೇ ಎಂಜಿನ್‌ಗೆ ಇಳಿಸಬೇಕು. ಇಲ್ಲದಿದ್ದರೆ ಎಣ್ಣೆಯಲ್ಲಿ ತೇಲುವ ಕಬ್ಬಿಣದ ಚೂರುಗಳನ್ನು ಅದು ಜರ್ನಲ್ ಮೇಲೇ ಹಿಡಿದಿಟ್ಟುಕೊಂಡು ಹೊಸ ಬೇರಿಂಗ್‌ಗಳನ್ನು ತಿನ್ನಿಸುತ್ತದೆ.